ಜಂತಿಯ ನೆರಳು, ಸೈಜುಗಲ್ಲಿನ ಗೋಡೆ

ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ನಡುಹಗಲು ಪಡಸಾಲೆಯ ನೆಲ ನೋಡಬೇಕು. ಮೇಲೆ ಸೂರಿಲ್ಲ, ಅಡ್ಡಡ್ಡ ಹಾಯ್ದ ಕಾಂಕ್ರೀಟ್ ಜಂತಿಗಳು, ಅಲ್ಲಲ್ಲಿ ಹಬ್ಬಿದ ಬಳ್ಳಿ. ಬಿಸಿಲು ಸಂದುಗಳಿಂದ ಇಳಿದು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿರುತ್ತದೆ. ಒಂದಿಷ್ಟು ಮುಂದೆ ಹೋದರೆ ಸೂರು ಬರುತ್ತದೆ, ಮಬ್ಬು ಕವಿಯುತ್ತದೆ, ಥಟ್ಟನೆ ಪಕ್ಕದಲ್ಲೊಂದು ಅಂಗಳ ತೆರೆದುಕೊಳ್ಳುತ್ತದೆ. ತರಗತಿಗೆ ಹೋಗುವ ದಾರಿಯೇ ಇಲ್ಲಿ ಕಟ್ಟಡದ ಜೀವ.

ಇದನ್ನು ರೂಪಿಸಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಪ್ಯಾರಿಸ್ಸಿನಲ್ಲಿ ಲ ಕಾರ್ಬುಸಿಯೇ ಕೈಕೆಳಗೆ ಪಳಗಿದವರು, ಅಹಮದಾಬಾದಿನ ಐಐಎಂ ಕಟ್ಟುವಾಗ ಲೂಯಿ ಕಾನ್ ಜೊತೆಗಿದ್ದವರು. ಆ ಇಬ್ಬರಿಂದ ಕಲಿತದ್ದನ್ನು 1970ರ ದಶಕದಲ್ಲಿ ಅವರು ಬೆಂಗಳೂರಿನ ಹವೆಗೆ ಒಗ್ಗಿಸಿದರು. ಅಹಮದಾಬಾದಿನ ಬಿಸಿಲಿಗೆ ದಪ್ಪ ಇಟ್ಟಿಗೆ ಗೋಡೆಯ ಮರೆ ಬೇಕು. ಇಲ್ಲಿ ವರ್ಷದ ಬಹುಪಾಲು ಹೊರಗೇ ಕೂತು ಮಾತಾಡಬಹುದು. ಫತೇಪುರ್ ಸಿಕ್ರಿಯ ಅಂಗಳಗಳು ಅವರಿಗೆ ಸ್ಫೂರ್ತಿಯಂತೆ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಅಷ್ಟು ದೂರ ಹೋಗಬೇಕೆನಿಸುವುದಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಗೋಡೆ. ಒರಟು ಕಣಶಿಲೆ, ನಮ್ಮೂರಲ್ಲಿ ತಳಪಾಯಕ್ಕೆ ಹಾಕುವ ಸೈಜುಗಲ್ಲಿನ ಬಂಧು. ಗಾರೆ ಬಳಿದಿಲ್ಲ, ಬಣ್ಣ ಹೊಡೆದಿಲ್ಲ. ಬೆರಳಾಡಿಸಿದರೆ ಒಂದೊಂದು ಕಲ್ಲೂ ಒಂದೊಂದು ರೀತಿ ಒಡೆದಿರುವುದು, ಅದನ್ನು ಒಡೆದ ಕೈ ಬೀಸಿದ ಏಟು ಕೂಡ ತಿಳಿಯುತ್ತದೆ. ಮಣ್ಣಲ್ಲಿ ಹೂತುಹೋಗಬೇಕಿದ್ದ ಕಲ್ಲಿಗೆ ತಲೆಯೆತ್ತಿ ನಿಲ್ಲುವ ಗೌರವ ಸಿಕ್ಕಿದೆ. ಆಧುನಿಕ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ತೋಚುವುದಿಲ್ಲ.

ಕೊರತೆಯೂ ಇದೆ. ಗಾಳಿಮಳೆಗೆ ಎರಚಲು ಪಡಸಾಲೆಯ ಒಳಗೇ ಹೊಡೆಯುತ್ತದೆ. ನೀರುಂಡ ಕಾಂಕ್ರೀಟು ಕಲ್ಲಿನಷ್ಟು ಚೆಂದವಾಗಿ ಮುಪ್ಪಾಗುವುದಿಲ್ಲ, ಕಪ್ಪು ಹಿಡಿಯುತ್ತದೆ. ಹೊಸಬರು ದಾರಿ ತಪ್ಪುತ್ತಾರೆ. ದಾರಿ ತಪ್ಪುವುದನ್ನು ನಾನು ದೋಷವೆನ್ನಲಾರೆ; ಎರಚಲನ್ನು ಖಂಡಿತ ಎನ್ನುತ್ತೇನೆ.

ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಪ್ರಶಸ್ತಿ ಗೋಡೆಯನ್ನು ಕಾಯುವುದಿಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಅನ್ನು 2017ರ ಏಪ್ರಿಲ್‌ನಲ್ಲಿ ಒಡೆದು ಹಾಕಿದರು. ದೇಶವಿದೇಶಗಳಿಂದ ಬಂದ ಮನವಿ ಲೆಕ್ಕಕ್ಕೆ ಬರಲಿಲ್ಲ. 1958ರ ಕೇಂದ್ರ ಕಾಯಿದೆಯ ಪ್ರಕಾರ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು. ಸ್ವಾತಂತ್ರ್ಯಾನಂತರ ನಾವು ಕಟ್ಟಿಕೊಂಡ ಒಂದಕ್ಕೂ ಆ ವಯಸ್ಸಾಗಿಲ್ಲ.

ಸಾಹಿತ್ಯದ ನವ್ಯದ ಬಗ್ಗೆ ಕನ್ನಡದಲ್ಲಿ ದಶಕಗಟ್ಟಲೆ ಜಗಳವಾಡಿದ್ದೇವೆ. ಅದೇ ಕಾಲದ ಕಟ್ಟಡಗಳ ಬಗ್ಗೆ ಅದರ ಕಾಲುಭಾಗವೂ ಮಾತಾಡಿಲ್ಲ. ಮಾತಾಡದ್ದನ್ನು ಕೆಡವುವುದು ಸುಲಭ. ಐಐಎಂನ ಈ ಕಟ್ಟಡವನ್ನು ಕೆಡಿಸಲಂತೂ ಬುಲ್ಡೋಜರೂ ಬೇಕಿಲ್ಲ. ಎರಚಲಿಗೆ ಚಿಕ್ಕ ಚಜ್ಜಾ, ಬಿದಿರಿನ ತಟ್ಟಿ, ನೀರು ಬೇಗ ಹರಿಯುವ ಗಟಾರ ಎಂದೆಲ್ಲ ದಾರಿಗಳಿವೆ. ಅದನ್ನು ಬಿಟ್ಟು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಜಂತಿಗಳ ಮೇಲೆ ಪ್ಲಾಸ್ಟಿಕ್ ಶೀಟು ಹಾಸಿ, ಬದಿಗೆ ಗಾಜು ಕೂರಿಸಿ, ಎಸಿ ಹಾಕಿಸಿಬಿಟ್ಟರೆ ಕಲ್ಲು ಇದ್ದಲ್ಲೇ ಇರುತ್ತದೆ. ನೆಲದ ಮೇಲಿನ ಆ ಪಟ್ಟೆ ಬಿಸಿಲು ಮಾತ್ರ ಆವತ್ತೇ ಹೋಗುತ್ತದೆ.