ಹೊಸ್ತಿಲಿನ ಕಾವಲು

ಜಯನಗರದ ಕಡೆಯಿಂದ ಲಾಲ್‌ಬಾಗನ್ನು ಹೊಕ್ಕು, ಕೆಂಪೇಗೌಡರ ಗೋಪುರವಿರುವ ಹೆಬ್ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ, ನಮ್ಮ ನೆಲ ಎಂಥದೆಂಬುದು ಅಂಗಾಲಿನಿಂದಲೇ ವೇದ್ಯವಾಗುತ್ತದೆ. ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವೆಂದು ಭೂವಿಜ್ಞಾನಿಗಳು ಹೇಳುವ ಈ ನೈಸ್ ಶಿಲೆಯೂ, ಇಲ್ಲಿಂದ ಮೈಸೂರು ರಸ್ತೆಯನ್ನು ಹಿಡಿದು ಹೋದರೆ ರಾಮನಗರದ ಸುತ್ತ ಬೆಟ್ಟಗಳಾಗಿ ಎದ್ದು ನಿಂತಿರುವ, ಆ ಊರಿನ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಖ್ಯಾತವಾದ ಶಿಲೆಯೂ ಸ್ಫಟಿಕದ ಹರಳುಗಳನ್ನು ಧಾರಾಳವಾಗಿ ಒಳಗೊಂಡಂಥವು; ಆ ಹರಳು ನಾವು ವಾಹನಗಳಿಗೆ ಬಳಸುವ ಸಾಧಾರಣ ಉಕ್ಕಿಗಿಂತಲೂ ಕಠಿಣ. ಇಂಥ ಕಲ್ಲಿಗೂ ಮೋಟಾರು ವಾಹನದ ಪಕ್ಕೆಗೂ ತಿಕ್ಕಾಟ ಒದಗಿದಾಗ ಸೋಲತಕ್ಕದ್ದು ಯಾವುದೆಂದು ವಿವರಿಸಬೇಕಾಗಿಲ್ಲ. ಆ ಸೋಲು ಬಾಗಿಲಿನವರೆಗೆ ಏರದಂತೆ ತಡೆಯುವುದಕ್ಕಾಗಿ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ, ಬಾಗಿಲಿನ ಹೊಸ್ತಿಲಿನ ಕೆಳಗೆ, ಉದ್ದಕ್ಕೂ ಕಟ್ಟುವ ಉಕ್ಕಿನ ತೊಲೆಯೇ ರಾಕ್ ಸ್ಲೈಡರ್. ಕಲ್ಲಿನ ಮೇಲೆ ವಾಹನ ಕುಳಿತಾಗ ಅದರ ಭಾರವನ್ನು ತಾನು ಹೊತ್ತು, ಕಲ್ಲನ್ನು ಸವರಿಕೊಂಡು ಮುಂದೆ ಜಾರುವುದು ಅದರ ಧರ್ಮ.

ಈ ಧರ್ಮವನ್ನು ಮರೆತು ಅದನ್ನು ಆಭರಣದಂತೆ ಆರಿಸುವ ಪದ್ಧತಿ ನಮ್ಮ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೆಳೆಯುತ್ತಿರುವುದನ್ನು ನಾನು ಕೆಲವು ವರ್ಷಗಳಿಂದ ಖೇದದಿಂದ ನೋಡುತ್ತಿದ್ದೇನೆ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಅಡ್ಡರಸ್ತೆಗಳಲ್ಲಾಗಲಿ ನಿಂತಿರುವ ಥಾರ್, ಜಿಮ್ನಿ, ಗೂರ್ಖಾಗಳ ಪಕ್ಕದಲ್ಲಿ ಮಂಡಿಯೂರಿ ಕೆಳಗೆ ಇಣುಕಿ ನೋಡುವ ಅಭ್ಯಾಸ ನನಗಿದೆ. ಹೊರಗಿನಿಂದ ಎಲ್ಲವೂ ಒಂದೇ ತೆರನಾದ ಕಪ್ಪು ಕೊಳವೆಗಳು. ಒಳಗೆ ನೋಡಿದರೆ ಕೆಲವು ಚಾಸಿಯನ್ನು ದೃಢವಾಗಿ ಹಿಡಿದಿರುತ್ತವೆ, ಹಲವು ತಗಡಿನ ಹೊಸ್ತಿಲಿಗೆ ಸಣ್ಣ ಬ್ರಾಕೆಟ್ಟುಗಳಿಂದ ಜೋತುಬಿದ್ದಿರುತ್ತವೆ. ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ತೂಗುಹಾಕಿರುವ ಫುಟ್‌ಬೋರ್ಡಿಗೂ ಸ್ಲೈಡರಿಗೂ ಇರುವ ಅಂತರ ಇಷ್ಟೇ, ಆದರೆ ಈ ಅಂತರವೇ ಸರ್ವಸ್ವ. ಮನುಷ್ಯನೊಬ್ಬನು ಕಾಲಿಟ್ಟು ಹತ್ತುವುದಕ್ಕಾಗಿ ಮಾಡಿದ್ದು ಒಂದು. ವಾಹನವೇ ಬಂದು ಕೂರುವುದಕ್ಕಾಗಿ ಮಾಡಿದ್ದು ಇನ್ನೊಂದು.

ಈ ಭೇದವನ್ನು ನಾನು ಕಲಿತದ್ದು ನಷ್ಟದಿಂದ. ಮೂಡಿಗೆರೆಯಿಂದಾಚೆ ಇರುವ ನಮ್ಮ ಭಾವನವರ ಕಾಫಿ ತೋಟಕ್ಕೆ ಇಳಿಯುವ ದಾರಿಯಲ್ಲಿ, ಮಳೆಗಾಲ ಕಳೆದ ಮೇಲೆ ಮಣ್ಣು ಕೊಚ್ಚಿಹೋಗಿ, ಆನೆಯ ಬೆನ್ನಿನಂಥ ಒಂದು ಕಲ್ಲು ಚಕ್ರದ ಜಾಡಿನ ಅಂಚಿನಲ್ಲಿ ಎದ್ದು ಕೂತಿತ್ತು. ಎಡಗಡೆಯ ಮುಂದಿನ ಗಾಲಿ ಅದನ್ನೇರಿ, ಪಾಚಿಯ ಮೇಲೆ ಜಾರಿ, ಆಚೆಗೆ ಇಳಿಯಿತು. ವಾಹನದ ಪಕ್ಕೆ ಇಡಿಯಾಗಿ ಫುಟ್‌ಬೋರ್ಡಿನ ಮೇಲೆ ಕುಸಿಯಿತು. ನಗರದ ಅಂಗಡಿಯೊಂದರಲ್ಲಿ ಸ್ಲೈಡರೆಂದೇ ಹೇಳಿ ಅದನ್ನು ನನಗೆ ಕೂರಿಸಿಕೊಟ್ಟಿದ್ದರು. ಸದ್ದು ದೊಡ್ಡದೇನೂ ಆಗಲಿಲ್ಲ. ಬ್ರಾಕೆಟ್ಟುಗಳು ತಿರುಚಿಕೊಂಡು, ಕೊಳವೆ ಮೇಲಕ್ಕೆ ಮಡಿಚಿ, ಕಲ್ಲು ಮಾಡಬೇಕಾದ ಕೆಲಸವನ್ನು ತಾನೇ ಮಾಡಿತು: ಹೊಸ್ತಿಲು ಒಳಕ್ಕೆ ನೆಗ್ಗಿ, ಬಾಗಿಲು ಅಲ್ಲೇ ಸಿಕ್ಕಿಕೊಂಡಿತು. ಎಡಗಡೆ ಕುಳಿತಿದ್ದ ಅಕ್ಕ ಗೇರಿನ ಸನ್ನೆಯನ್ನು ದಾಟಿಕೊಂಡು ನನ್ನ ಬಾಗಿಲಿನಿಂದಲೇ ಇಳಿಯಬೇಕಾಯಿತು. ಏನೂ ಇಲ್ಲದಿದ್ದರೆ ಕಲ್ಲು ಒಂದು ಕಡೆ ನೆಗ್ಗಿಸುತ್ತಿತ್ತೋ ಏನೋ. ಕಾವಲಿಗೆಂದು ಕಟ್ಟಿದ್ದ ವಸ್ತು ಮೂರು ಕಡೆ ನೆಗ್ಗಿಸಿತ್ತು. ಟಿಂಕರಿಂಗ್ ಮಾಡುವವರು ತಗಡನ್ನು ಸರಿಪಡಿಸಿ ಕೊಟ್ಟರಾದರೂ ಆ ಬಾಗಿಲು ಮುಚ್ಚುವ ಸದ್ದು ಮೊದಲಿನಂತಾಗಲಿಲ್ಲ.

ಆದುದರಿಂದ ಸ್ಲೈಡರಿನ ಪರೀಕ್ಷೆ ಅದರ ಬೇರಿನಿಂದ ಆರಂಭವಾಗಬೇಕು. ಏಣಿಯಾಕಾರದ ಚಾಸಿಯುಳ್ಳ ವಾಹನದಲ್ಲಿ ಮೇಲಣ ಒಡಲು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ದುರ್ಗಮವಾದ ದಾರಿಯಲ್ಲಿ ಚಾಸಿ ಒಂದು ಬಗೆಯಲ್ಲಿ ತಿರುಚಿಕೊಂಡರೆ ಒಡಲು ಇನ್ನೊಂದು ಬಗೆಯಲ್ಲಿ ಅಲುಗುತ್ತದೆ. ಸ್ಲೈಡರು ಎರಡನ್ನೂ ಹಿಡಿಯಲು ಹೋದರೆ ಎರಡಕ್ಕೂ ಹಿಂಸೆ. ಅದು ಚಾಸಿಯನ್ನು ಮಾತ್ರ ಹಿಡಿದು, ಹೊಸ್ತಿಲಿಗೂ ತನಗೂ ನಡುವೆ ಒಂದು ಅಂಗುಲದಷ್ಟಾದರೂ ಸಂದು ಬಿಟ್ಟಿರಬೇಕು. ಚಾಸಿಯೇ ಬೇರೆಯಾಗಿಲ್ಲದ, ಒಡಲೇ ಅಸ್ಥಿಪಂಜರವೂ ಆಗಿರುವ ಮೊನೊಕಾಕ್ ಕಾರುಗಳಿಗೆ ಇದೇ ಹೆಸರಿನಲ್ಲಿ ಮಾರುವ ಕೊಳವೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅವಕ್ಕೆ ಕಚ್ಚಿಕೊಳ್ಳಲು ಗಟ್ಟಿಯಾದ ನೆಲೆಯಿಲ್ಲ, ಕೊಳ್ಳಬಾರದು.

ಗಾಲಿಗಳ ಅಂತರ ಹೆಚ್ಚಿದಷ್ಟೂ ನಡುವಿನ ಹೊಟ್ಟೆ ಕಲ್ಲಿಗೆ ಸಮೀಪಿಸುತ್ತದೆಂಬುದನ್ನೂ ಆರಿಸುವವರು ನೆನೆಯಬೇಕು. 2020ರ ಥಾರಿನಲ್ಲಿ ಈ ಅಂತರ 2450 ಮಿಲಿಮೀಟರು, 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ 2590, ಅದರ ಮರುವರ್ಷದ ಥಾರ್ ರಾಕ್ಸಿನಲ್ಲಿ 2850. ಮನೆಮಂದಿಗೆಲ್ಲ ಸ್ಥಳವಾಗಲೆಂದು ಉದ್ದವಾದ ವಾಹನವನ್ನು ಕೊಂಡವರಿಗೇ ಈ ಕಾವಲಿನ ಅಗತ್ಯ ಹೆಚ್ಚು. ಅವರ ಸ್ಲೈಡರು ಉದ್ದವಾಗುವುದರಿಂದ ಅದಕ್ಕೆ ಮೂರು ಕಾಲುಗಳು ಸಾಲವು, ನಾಲ್ಕಾದರೂ ಬೇಕು.

ಕೊಳವೆಯ ದಪ್ಪವನ್ನು ಕಣ್ಣು ಅಳೆಯಲಾರದು. ಎರಡು ಮಿಲಿಮೀಟರಿನ ಗೋಡೆಯದೂ ನಾಲ್ಕು ಮಿಲಿಮೀಟರಿನದೂ ಬಣ್ಣ ಬಳಿದ ಮೇಲೆ ಅವಳಿಜವಳಿಗಳಂತೆ ಕಾಣುತ್ತವೆ. ಎತ್ತಿ ನೋಡಿದಾಗ ಮಾತ್ರ ತೋಳು ಸತ್ಯವನ್ನು ಹೇಳುತ್ತದೆ. ಮೂರು ಮಿಲಿಮೀಟರಿಗೆ ಕಡಿಮೆಯಾದುದನ್ನು ನಾನು ಒಪ್ಪುವುದಿಲ್ಲ. ಬನಶಂಕರಿಯ ಫ್ಯಾಬ್ರಿಕೇಷನ್ ಅಂಗಡಿಗಳಲ್ಲಿ ಗೇಟು, ಗ್ರಿಲ್ಲುಗಳನ್ನು ಬೆಸೆಯುವ ಕುಶಲಿಗಳ ಕೈ ಸಾಮಾನ್ಯವಾದುದಲ್ಲ. ಆದರೆ ಗೇಟನ್ನು ಬೆಸೆದಂತೆ ಸ್ಲೈಡರನ್ನು ಚಾಸಿಗೇ ಬೆಸೆಯಲು ಬಿಡತಕ್ಕದ್ದಲ್ಲ, ಏಕೆಂದರೆ ವೆಲ್ಡಿಂಗಿನ ಕಾವಿಗೆ ಸಿಕ್ಕಿದ ಉಕ್ಕು ಬೆಸುಗೆಯ ಪಕ್ಕದಲ್ಲಿಯೇ ತನ್ನ ಮೊದಲಿನ ಗುಣವನ್ನು ಕಳೆದುಕೊಳ್ಳುತ್ತದೆ, ಕಾಲಾಂತರದಲ್ಲಿ ಬಿರುಕು ಹುಟ್ಟುವುದು ಅಲ್ಲಿಂದಲೇ. ದಪ್ಪ ತಗಡುಗಳ ನಡುವೆ ಚಾಸಿಯನ್ನು ಅವುಚಿ ಬೋಲ್ಟಿನಿಂದ ಬಿಗಿಯುವುದು ಲೇಸು. ಆ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಅಚ್ಚಾಗಿರಬೇಕು. ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ನುಗಳ ಎಳೆತವನ್ನು ತಾಳಬಲ್ಲುದೆಂಬ ವಾಗ್ದಾನ ಅದು. ಅಂಕಿಯಿಲ್ಲದ ಬೋಲ್ಟನ್ನು ಕಂಡರೆ ಹಿಂದಿರುಗಿಸಿಬಿಡಿ. ಬಣ್ಣದ ಮಾತು ಗೌಣ. ಮೊದಲನೆಯ ಕಲ್ಲಿಗೇ ಅದು ಹೋಗುತ್ತದೆ. ಹೋದೆಡೆ ತುಕ್ಕು ಹಿಡಿಯದಂತೆ ಮತ್ತೆ ಬಳಿದುಕೊಳ್ಳುವಂತಿದ್ದರೆ ಸಾಕು.

ಹಗುರವೆಂಬ ಕಾರಣದಿಂದ ಅಲ್ಯೂಮಿನಿಯಮ್ಮನ್ನು ಮೆಚ್ಚುವವರಿದ್ದಾರೆ. ಮೆದುವಾದ ಆ ಲೋಹವನ್ನು ಒರಟು ಗ್ರಾನೈಟು ಕೊರೆದು ಹಿಡಿದುಕೊಳ್ಳುತ್ತದೆ; ಜಾರುವುದೇ ಕಸುಬಾದ ವಸ್ತು ಅಂಟಿಕೊಂಡರೆ ಅದರ ಹೆಸರಿಗೇ ಅರ್ಥವಿಲ್ಲ. ಉಕ್ಕಿನದಾದರೂ ತಳಭಾಗ ನುಣುಪಾಗಿರಬೇಕು, ಯಾವ ನಟ್ಟೂ ಕೆಳಕ್ಕೆ ತಲೆ ಹಾಕಿರಕೂಡದು. ತುಸು ಮೇಲ್ಮುಖವಾಗಿ ಹೊರಕ್ಕೆ ಬಾಗಿ, ಹಿಂದಿನ ಗಾಲಿಯ ಸಮೀಪದಲ್ಲಿ ಇನ್ನಷ್ಟು ಹೊರಚಾಚಿ, ತಿರುವಿನಲ್ಲಿ ಮರದ ಬೊಡ್ಡೆಗೆ ತಾಗಿದಾಗ ವಾಹನದ ಹಿಂಬದಿಯನ್ನು ತಾನೇ ಆಚೆಗೆ ತಳ್ಳುವ ವಿನ್ಯಾಸವನ್ನು ನಾನು ಅತ್ಯುತ್ತಮವೆಂದು ಭಾವಿಸುತ್ತೇನೆ. ಆದರೆ ಆ ಚಾಚು ಟೈರಿನ ಹೊರಅಂಚನ್ನು ಮೀರಬಾರದು, ಬಿ.ಟಿ.ಎಂ.ನ ಇಕ್ಕಟ್ಟಿನಲ್ಲಿ ಪಕ್ಕದಿಂದ ನುಸುಳುವ ಸ್ಕೂಟರಿನವರ ಮೊಣಕಾಲಿನ ಬಗೆಗೂ ನಮಗೆ ಹೊಣೆಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಮೂಲಸ್ವರೂಪದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂಭಾಗದ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿದ್ದೂ ಪಾದಚಾರಿಗಳ ಪ್ರಾಣವನ್ನು ನೆನೆದೇ. ಜೆ.ಪಿ. ನಗರದಿಂದ ಕಚೇರಿಗೆ, ಕಚೇರಿಯಿಂದ ಜೆ.ಪಿ. ನಗರಕ್ಕೆ ಮಾತ್ರ ಓಡುವ ವಾಹನಕ್ಕೆ ನಲವತ್ತು ಐವತ್ತು ಕಿಲೋ ಉಕ್ಕನ್ನು ಹೊರಿಸುವುದು ನನಗೆ ಸಮ್ಮತವಲ್ಲ; ತೋಟ, ಗದ್ದೆ, ಘಟ್ಟದ ಊರು ಇರುವವರ ಮಾತು ಬೇರೆ.

ಎರಡನೆಯ ಸಲ ಸ್ಲೈಡರನ್ನು ಕೂರಿಸಿಕೊಂಡಾಗ ಹಣ ಕೊಡುವ ಮುನ್ನ ನಾನು ಒಂದು ಪರೀಕ್ಷೆಯನ್ನು ಕೇಳಿಕೊಂಡೆ. ಬನಶಂಕರಿಯ ಆ ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು ಬೇಸರಿಸದೆ, ಆಚೆ ಬದಿಯ ಗಾಲಿಗಳಿಗೆ ಕಲ್ಲು ಒತ್ತಿಟ್ಟು, ಸ್ಲೈಡರಿನ ನಟ್ಟನಡುವೆ ಜಾಕಿ ಕೊಟ್ಟರು. ಅದಕ್ಕೆ ಮೊದಲು, ಹೊಸ್ತಿಲಿಗೂ ಸ್ಲೈಡರಿಗೂ ನಡುವಿನ ಸಂದಿನಲ್ಲಿ ಎರಡು ಬೆಂಕಿಪೆಟ್ಟಿಗೆಗಳನ್ನು ಒಂದರ ಮೇಲೊಂದು ಸಡಿಲವಾಗಿ ಇಟ್ಟಿದ್ದೆ. ಜಾಕಿ ಏರಿತು, ಸ್ಪ್ರಿಂಗುಗಳು ನಿಧಾನವಾಗಿ ನಿಡಿದಾದವು, ಮುಂದಿನ ಗಾಲಿ ನೆಲ ಬಿಟ್ಟಿತು, ಅದರ ಹಿಂದೆಯೇ ಹಿಂದಿನದೂ ಬಿಟ್ಟಿತು. ಒಂದೂಮುಕ್ಕಾಲು ಟನ್ನಿನ ಆಸುಪಾಸಿನ ವಾಹನದ ಒಂದು ಪಕ್ಕೆ ಪೂರ್ತಿಯಾಗಿ ಆ ಕಪ್ಪು ತೊಲೆಯ ಮೇಲೆ ನಿಂತಿತ್ತು. ಮೇಸ್ತ್ರಿಗಳು ಬಗ್ಗಿ, ಕಿರುಬೆರಳಿನಿಂದ ಮೇಲಿನ ಪೆಟ್ಟಿಗೆಯನ್ನು ತಳ್ಳಿದರು. ಅದು ಸರಿದು ಆಚೆ ಬಿತ್ತು, ಒಳಗಿನ ಕಡ್ಡಿಗಳು ಗಲಗಲ ಸದ್ದು ಮಾಡಿದವು. “ತಗೊಳ್ಳಿ ಸ್ವಾಮಿ, ಬಗ್ಗಿಲ್ಲ” ಎಂದು ಪೆಟ್ಟಿಗೆಯನ್ನು ಎತ್ತಿ ನನ್ನ ಕೈಗಿತ್ತರು.