ತೂಕ ನೋಡಿ ಕಾಯ್ದೆ ಮಾಡಲಿ

ಮಳೆಗಾಲದಲ್ಲಿ ಗೋಕಾಕ ಜಲಪಾತದ ಬಳಿ ಡ್ರೋನ್ ಏರಿಸುವವರು ಮೊದಲು ಲೆಕ್ಕ ಹಾಕಬೇಕಾದ್ದು ಗಾಳಿಯನ್ನು. 52 ಮೀಟರ್ ಕೆಳಕ್ಕೆ ಧುಮುಕುವ ಘಟಪ್ರಭೆ ತನ್ನ ಗಾಳಿಯನ್ನು ತಾನೇ ಎಬ್ಬಿಸುತ್ತಾಳೆ. ಕಮರಿಯ ಬಂಡೆಗೋಡೆಗಳ ನಡುವೆ ಇಳಿದರೆ ಜಿಪಿಎಸ್ ಕ್ಷೀಣವಾಗಿ ಡ್ರೋನ್ ನಿಂತಲ್ಲಿ ನಿಲ್ಲದೆ ಜಾರತೊಡಗುತ್ತದೆ, ತುಂತುರು ಲೆನ್ಸಿಗೆ ಅಂಟುತ್ತದೆ. ಅದಕ್ಕೇ ಪಳಗಿದ ಕೈಗಳು ತೂಗುಸೇತುವೆಯ ಮೇಲಿನ ಜನರಿಂದ ದೂರ ಸರಿದು, ಬಯಲ ಕಡೆಯಿಂದ ಏರಿಸಿ, ಬ್ಯಾಟರಿ ಅರ್ಧ ಇರುವಾಗಲೇ ಇಳಿಸುತ್ತವೆ. ಈ ಎಚ್ಚರವನ್ನು ಯಾವ ಕಾಯ್ದೆಯೂ ಕಲಿಸಿದ್ದಲ್ಲ. ಆದರೂ ಕಾಯ್ದೆಯ ಬಗ್ಗೆಯೇ ಬರೆಯಬೇಕಾಗಿದೆ.

ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2025ರ ಸೆಪ್ಟೆಂಬರ್ 16ರಂದು ನಾಗರಿಕ ಡ್ರೋನ್ (ಉತ್ತೇಜನ ಮತ್ತು ನಿಯಂತ್ರಣ) ಮಸೂದೆ 2025ರ ಕರಡನ್ನು ಹೊರಡಿಸಿತು. ಅಭಿಪ್ರಾಯ ಹೇಳಲು ಕೊಟ್ಟಿದ್ದ ಗಡುವು ಸೆಪ್ಟೆಂಬರ್ 30. ದೇಶದ ಆಕಾಶದ ಬಗ್ಗೆ ಯೋಚಿಸಲು ಎರಡೇ ವಾರ!

ಇದುವರೆಗೆ ನಮ್ಮನ್ನು ಆಳಿದ್ದು 2021ರ ಆಗಸ್ಟಿನ ಡ್ರೋನ್ ನಿಯಮಗಳು. ಅವನ್ನು ನಾನು ಮನಸಾರೆ ಮೆಚ್ಚಿದವನು. 25 ಅರ್ಜಿ ನಮೂನೆಗಳಿದ್ದದ್ದು 5ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ ಆ ನಿಯಮಗಳು ತೂಕವನ್ನು ಅರಿತಿದ್ದವು. 250 ಗ್ರಾಂ ಒಳಗಿನದು ನ್ಯಾನೋ, ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರವೂ ಬೇಡ, ವಿಮೆಯೂ ಬೇಡ. 2 ಕಿಲೋವರೆಗಿನ ಮೈಕ್ರೋವನ್ನು ಹವ್ಯಾಸಕ್ಕೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ, ದುಡಿಮೆಗೆ ಹಾರಿಸಿದರೆ ಬೇಕು. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಕೇಳುವ ಅಗತ್ಯವಿಲ್ಲ. ನಿರ್ಬಂಧವಿರುವ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ 12 ಕಿಲೋಮೀಟರ್ ವ್ಯಾಪ್ತಿಯಿಂದ ಗೋಕಾಕ, ಮೂಡಲಗಿ ಎರಡೂ ಬಹಳ ದೂರ. ನಿಯಮ ಮೀರಿದರೆ ಗರಿಷ್ಠ ದಂಡ ಒಂದು ಲಕ್ಷ ರೂಪಾಯಿ.

ಹೊಸ ಕರಡು ಬೇರೆಯೇ ದನಿಯಲ್ಲಿ ಮಾತಾಡುತ್ತದೆ. ನೋಂದಣಿ ಕಡ್ಡಾಯ, ವಿಮೆ ಕಡ್ಡಾಯ, ತಯಾರಿಸುವ ಮೊದಲೇ ಆ ಮಾದರಿಗೆ ಸುರಕ್ಷತೆಯ ಟೈಪ್ ಪ್ರಮಾಣಪತ್ರ ಕಡ್ಡಾಯ. ಪೊಲೀಸರಿಗೆ ಶೋಧಿಸುವ, ಜಪ್ತಿ ಮಾಡುವ ಅಧಿಕಾರ. ಶಿಕ್ಷೆ ಗರಿಷ್ಠ ಮೂರು ವರ್ಷ ಜೈಲಿನವರೆಗೆ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. ಕೊಳ್ಳಿರಿ ಎಂದು ಕರೆದ ಸರ್ಕಾರವೇ ಅದೇ ತಿಂಗಳು ಜೈಲಿನ ಮಾತೂ ಆಡಿತು.

ಹವ್ಯಾಸಿಗೆ ಪೆಟ್ಟು ಬೀಳುವುದು ಎಲ್ಲಿ? 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದು ನಿಂತಿತು, ಬಿಡಿಭಾಗಗಳಿಗೆ ಮಾತ್ರ ದಾರಿ ಉಳಿಯಿತು. ಆಗ ನಮ್ಮ ಇಂಜಿನಿಯರಿಂಗ್, ಡಿಪ್ಲೊಮಾ ಹುಡುಗರು ಫ್ರೇಮು, ಮೋಟರು, ಕಂಟ್ರೋಲರ್ ಬೋರ್ಡು ತರಿಸಿ ಬೆಸುಗೆ ಹಾಕಿ ತಾವೇ ಕಟ್ಟತೊಡಗಿದರು. ಐದು ಇಂಚಿನ ರೆಕ್ಕೆಯ ಅಂಥ ಯಂತ್ರ ಒಂದು ಕಿಲೋ ಕೂಡ ತೂಗುವುದಿಲ್ಲ. ಮನೆಯ ಅಟ್ಟದಲ್ಲಿ ಒಂದೇ ಒಂದು ಡ್ರೋನ್ ಕಟ್ಟುವವನು ಕಾರ್ಖಾನೆಯವರಂತೆ ಪರೀಕ್ಷಾ ಕೇಂದ್ರಕ್ಕೆ ಹೋಗಿ ಟೈಪ್ ಪ್ರಮಾಣಪತ್ರ ತರಬೇಕೇ? ಕಣ್ಣಳತೆಯಲ್ಲಿ ಹಾರಿಸುವ, ಕಲಿಕೆ ಮತ್ತು ಖುಷಿಯ ಮಾದರಿ ಡ್ರೋನ್‌ಗಳಿಗೆ ಆ ಪ್ರಮಾಣಪತ್ರ ಬೇಡ ಎಂದು 2021ರ ನಿಯಮ ಸ್ಪಷ್ಟವಾಗಿ ಬರೆದಿತ್ತು. ಈ ಹವ್ಯಾಸ ಊರಿಗೂ ಉಪಕಾರಿ: 2019ರಲ್ಲಿ, ಮತ್ತೆ 2024ರಲ್ಲಿ ಗೋಕಾಕ ಬಳಿಯ ಲೋಳಸೂರ ಸೇತುವೆ ಪ್ರವಾಹದಲ್ಲಿ ಮುಳುಗಿದಾಗ ನೀರು ಎಲ್ಲಿಯವರೆಗೆ ಬಂತೆಂದು ಊರಿಗೆ ತೋರಿಸಿದವುಗಳಲ್ಲಿ ಹವ್ಯಾಸಿಗಳ ಕ್ಯಾಮೆರಾಗಳೂ ಇದ್ದವು.

ಬೆಳೆಗೆ ಎಣ್ಣಿ (ಔಷಧಿ) ಹೊಡೆಯುವ ಡ್ರೋನಿನ ಮಾತೇ ಬೇರೆ. ಮೂಡಲಗಿ, ಹುಕ್ಕೇರಿ ಕಡೆ ಕಬ್ಬು ಆಳೆತ್ತರ ದಾಟಿದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ನುಗ್ಗುವುದು ಎಂಥ ಕಷ್ಟ ಎಂಬುದು ಗರಿ ಕೊಯ್ಸಿಕೊಂಡ ತೋಳುಗಳಿಗೇ ಗೊತ್ತು. ಹತ್ತು ಲೀಟರಿನ ಡ್ರೋನ್ ಒಂದು ಎಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘದ ಅಕ್ಕಂದಿರಿಗೆ ಶೇ 80ರಷ್ಟು, ಅಂದರೆ 8 ಲಕ್ಷದವರೆಗೆ ಸಹಾಯಧನವಿದೆ. ಆದರೆ ಟ್ಯಾಂಕು ತುಂಬಿದಾಗ ಅದು ಸುಮಾರು 25 ಕಿಲೋ ತೂಗುತ್ತದೆ. ತಲೆಯ ಮೇಲೆ ಬಿದ್ದರೆ ಜೀವವೇ ಹೋದೀತು. ಗಾಳಿ ತಿರುಗಿದರೆ ಕಳೆನಾಶಕ ಪಕ್ಕದವರ ಬೆಳೆ ಸುಟ್ಟೀತು. ಇಲ್ಲಿ ತರಬೇತಿ, ನೋಂದಣಿ, ವಿಮೆ ಮೂರೂ ಇರಲೇಬೇಕು. ತಪ್ಪು ಯಾರದೆಂದು ಸಾಬೀತು ಮಾಡುವ ಮೊದಲೇ ಸಾವಿಗೆ ಎರಡೂವರೆ ಲಕ್ಷ, ತೀವ್ರ ಗಾಯಕ್ಕೆ ಒಂದು ಲಕ್ಷ ಪರಿಹಾರ ಎಂಬ ಕರಡಿನ ಅಂಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊತ್ತ ಇನ್ನೂ ಹೆಚ್ಚಿದ್ದರೂ ಒಪ್ಪುತ್ತಿದ್ದೆ. ಆದರೆ ಸಾಲ ಮಾಡಿ ಡ್ರೋನ್ ತಂದ ಹೆಣ್ಣುಮಗಳಿಗೆ ಒಂದು ಕಾಗದ ತಪ್ಪಿದ್ದಕ್ಕೆ ಸುಗ್ಗಿಯ ನಡುವೆ ಯಂತ್ರ ಠಾಣೆ ಸೇರಿದರೆ ಆ ವರ್ಷದ ದುಡಿಮೆಯೇ ಮುಗಿಯಿತು. ಕಾಗದದ ತಪ್ಪಿಗೆ ದಂಡ ಸಾಕು.

ಮದುವೆ ಚಿತ್ರ ತೆಗೆಯುವ ತಮ್ಮಂದಿರು ಕೂಡ ಒಂದು ಮಾತು ಕೇಳಬೇಕು. ಜನಜಂಗುಳಿಯ ನೆತ್ತಿಯ ಮೇಲೆ ಹಾರಿಸುವುದು ಹಳೆಯ ನಿಯಮವಿರಲಿ, ಹೊಸದಿರಲಿ, ಸಲ್ಲದು. ಧುಪದಾಳದ ಹಿನ್ನೀರಿನ ಪಕ್ಷಿಧಾಮಕ್ಕಂತೂ ಚಳಿಗಾಲದಲ್ಲಿ ಡೆಮೊಯಿಸೆಲ್ ಕೊಕ್ಕರೆಗಳು ಬಂದಿಳಿದಾಗ ಯಾರೂ ಡ್ರೋನ್ ಒಯ್ಯಬಾರದು. ಅಲ್ಲಿ ಕಟ್ಟುನಿಟ್ಟು ಇನ್ನೂ ಬಿಗಿಯಾಗಲಿ.

ಅಭಿಪ್ರಾಯ ಹೇಳುವ ಗಡುವು ಮುಗಿದಿದೆ, ಆದರೂ ಕೇಳುವ ಮಾತು ಉಳಿದಿದೆ. ಹವ್ಯಾಸಿಗಳೇ, ಎಣ್ಣಿ ಹೊಡೆಯುವ ಅಕ್ಕಂದಿರೇ, ಫೋಟೋ ಸ್ಟುಡಿಯೋದವರೇ, ಸಚಿವಾಲಯಕ್ಕೆ ನಿಮ್ಮ ಮಾತು ಬರೆಯಿರಿ. ನ್ಯಾನೋ ಮತ್ತು ಮಾದರಿ ಡ್ರೋನ್‌ಗಳ ವಿನಾಯಿತಿ ಮುಂದೆ ಬರೆಯುವ ನಿಯಮಕ್ಕೆ ಬಿಡದೆ ಕಾಯ್ದೆಯಲ್ಲೇ ಇರಲಿ, ಜೈಲು ಜೀವಕ್ಕೆ ಅಪಾಯ ತಂದವರಿಗೆ ಮಾತ್ರ ಇರಲಿ ಎಂದು ಕೇಳಿರಿ.