ಹುಲ್ಲಿನಿಂದ ಹೊಲದ ಶುದ್ಧಿ: ಒಂದು ವಿಮರ್ಶೆ

ಭಾರಲೋಹಗಳಿಂದ ಕೆಟ್ಟ ಬೇಸಾಯದ ಭೂಮಿಯನ್ನು ಬೇಗ ಬೆಳೆಯುವ ಹುಲ್ಲುಗಳಿಂದ ಶುದ್ಧಿಗೊಳಿಸಬಹುದೆಂಬ ವಾದವು ಕೆಲವು ದಶಕಗಳಿಂದ ಪ್ರಚಾರದಲ್ಲಿದೆ. ಬೆಳಗಾವಿಯ ಕೊಳಚೆಯನ್ನು ಹೊತ್ತ ಬಳ್ಳಾರಿ ನಾಲೆಯು ಮಳೆಗಾಲದಲ್ಲಿ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರು ಕಡೆಯ ಭತ್ತದ ಗದ್ದೆಗಳನ್ನು ಮುಳುಗಿಸುವುದನ್ನು ಕಂಡವರಿಗೆ ಈ ವಾದವು ಹಿತವಾಗಿ ತೋರುವುದು ಸಹಜ. ಆದರೆ ರೈತನ ಗದ್ದೆಯನ್ನು ಪ್ರಯೋಗಕ್ಕೆ ಬೇಡುವ ಮುನ್ನ ವಾದವನ್ನು ಒರೆಗೆ ಹಚ್ಚುವುದು ನಮ್ಮ ಕರ್ತವ್ಯ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಹೆಕ್ಟೇರಿನ ಮೇಲಣ 20 ಸೆಂಟಿಮೀಟರು ಮಣ್ಣು ಸುಮಾರು 2,600 ಟನ್ನು ತೂಗುತ್ತದೆ. ಅದರ ಪ್ರತಿ ಕಿಲೋಗ್ರಾಮಿನಲ್ಲಿ 1 ಮಿಲಿಗ್ರಾಮು ಕ್ಯಾಡ್ಮಿಯಂ ಹೆಚ್ಚಾಗಿದೆಯೆಂದು ಭಾವಿಸಿದರೆ, ತೆಗೆಯಬೇಕಾದುದು 2,600 ಗ್ರಾಮು. ವರ್ಷಕ್ಕೆ 30 ಟನ್ನು ಒಣಹುಲ್ಲು ದೊರೆತು, ಅದರಲ್ಲಿಯೂ ಕಿಲೋಗ್ರಾಮಿಗೆ 1 ಮಿಲಿಗ್ರಾಮು ಲೋಹವಿದ್ದರೆ, ಹೊರಹೋಗುವುದು 30 ಗ್ರಾಮು ಮಾತ್ರ. ಅಂದರೆ 87 ವರ್ಷಗಳ ಕಾಯಕ! ಹುಲ್ಲು ಇದರ ಐದರಷ್ಟು ಹೀರಿದರೂ 17 ವರ್ಷ ಬೇಕು. ಅಷ್ಟು ಕಾಲ ಭತ್ತವನ್ನು ಬಿಟ್ಟು ರೈತನು ಬದುಕುವುದು ಹೇಗೆ?

ಲೋಹವನ್ನು ವಿಪುಲವಾಗಿ ಹೀರುವ ಸಸ್ಯಗಳು ಇಲ್ಲವೆಂದಲ್ಲ. ಆದರೆ ಅವುಗಳಲ್ಲಿ ಹಲವು ಗಾತ್ರದಲ್ಲಿ ಚಿಕ್ಕವು, ಬೆಳವಣಿಗೆಯಲ್ಲಿ ನಿಧಾನ. ಹುಲ್ಲುಗಳ ಗುಣ ಬೇರೆ. ಲಾವಂಚವು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಬಹುಪಾಲು ಬೇರಿನಲ್ಲಿಯೇ ತಡೆದಿಡುತ್ತದೆ. ಎಲೆಯನ್ನು ಕೊಯ್ದರೆ ಹೊಲದಿಂದ ಹೋಗುವುದು ಅಲ್ಪ. ನೇಪಿಯರ್ ಹುಲ್ಲು ಹುಲುಸಾಗಿ ಬೆಳೆಯುವುದು ನಿಜ. ಆದರೆ ಅದು ಮೇವು. ಎಮ್ಮೆ ಕಟ್ಟಿದ ಮನೆಯಲ್ಲಿ ಹಸಿರು ಹುಲ್ಲು ಗೋದಲಿಗೆ ಹೋಗದೆ ಉಳಿದೀತೆ? ಸುಟ್ಟರೆ ಲೋಹವು ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುತ್ತದೆ. ಗೊಬ್ಬರ ಮಾಡಿದರೆ ಮರಳಿ ಮಣ್ಣಿಗೆ ಬರುತ್ತದೆ. ಈ ಎರಡು ಮಾತುಗಳಿಗೆ ವಾದಿಗಳಿಂದ ಸಮರ್ಪಕವಾದ ಉತ್ತರ ಬರಬೇಕು.

ಮಲಿನವೆಂದು ನಿರ್ಣಯಿಸುವುದಕ್ಕೂ ಒಂದು ಅಳತೆ ಬೇಕು. ಮಲಪ್ರಭೆಯು ಹುಟ್ಟುವ ಕಣಕುಂಬಿಯಿರುವ ಖಾನಾಪುರ ತಾಲ್ಲೂಕಿನ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ಸ್ವಭಾವತಃ ಅಧಿಕ. ಮಣ್ಣಿನಲ್ಲಿ ಲೋಹವಿದ್ದ ಮಾತ್ರಕ್ಕೆ ಅದು ನಗರದಿಂದ ಬಂದುದಾಗದು. ಆದುದರಿಂದ ಕೊಳಚೆ ಸೋಂಕದ, ಅದೇ ಜಾತಿಯ ಮಣ್ಣನ್ನು ಪಕ್ಕದಲ್ಲಿಟ್ಟು ಹೋಲಿಸದ ಯಾವ ಪರೀಕ್ಷೆಯನ್ನೂ ನಾವು ಒಪ್ಪಲಾರೆವು.

ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಅಕ್ಕಿಯನ್ನು ಸೇರಿ ಜನರ ಎಲುಬುಗಳನ್ನು ಕೆಡಿಸಿತು. ಆ ರೋಗಕ್ಕೆ ಮಾಲಿನ್ಯವೇ ಕಾರಣವೆಂದು ಅಲ್ಲಿಯ ಸರ್ಕಾರವು 1968ರಲ್ಲಿ ಒಪ್ಪಿತು. ಗದ್ದೆಗಳಿಗೆ ಹೊಸ ಮಣ್ಣನ್ನು ಹೊದಿಸುವ ಕಾರ್ಯವು ಮುಗಿದುದು 2012ರಲ್ಲಿ. ಕೆಡಿಸುವುದು ಸುಲಭ, ಸರಿಪಡಿಸುವುದು ತಲೆಮಾರಿನ ಕೆಲಸ.

ಹುಲ್ಲನ್ನು ನಾವು ತಿರಸ್ಕರಿಸುತ್ತಿಲ್ಲ. ನಾಲೆಯ ದಂಡೆಯಲ್ಲಿ ಲಾವಂಚವು ಮಣ್ಣನ್ನು ಹಿಡಿದೀತು, ಹೊಲಸು ಮೆಕ್ಕಲನ್ನು ತಡೆದೀತು. ಆದರೆ ಪ್ರತಿ ಮಳೆಗೂ ಕೊಳಚೆ ಮತ್ತೆ ಗದ್ದೆಗೆ ನುಗ್ಗುವವರೆಗೆ ಶುದ್ಧಿಯ ಮಾತೇ ವ್ಯರ್ಥ. ನೀರನ್ನು ನಗರದಲ್ಲಿಯೇ ಶುದ್ಧಿಗೊಳಿಸುವುದು, ಹುಳಿಮಣ್ಣಿಗೆ ಸುಣ್ಣ ಕೊಟ್ಟು ಬೆಳೆಯು ಕ್ಯಾಡ್ಮಿಯಂ ಹೀರುವುದನ್ನು ತಗ್ಗಿಸುವುದು, ಮಣ್ಣಿನೊಡನೆ ಅಕ್ಕಿಯನ್ನೂ ಪರೀಕ್ಷಿಸುವುದು: ಇವು ಮೊದಲಿನ ಕೆಲಸಗಳು. ನಗರವು ಮಾಡಬೇಕಾದುದನ್ನು ಹುಲ್ಲಿನ ಮೇಲೆ ಹೊರಿಸಿದರೆ, ಆ ಭಾರವು ಕೊನೆಗೆ ರೈತನ ಮೇಲೆಯೇ ಬೀಳುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.